ಕ್ಯಾಲಿಪರಿ ಮೇಲಿನ ಕೋಪಕ್ಕೆ ಬರೀ ಸೋಲು ಕಾರಣವಲ್ಲ

ನಮಸ್ಕಾರ ಎಲ್ಲರಿಗೂ. "ಕೆಂಟಕಿ ಅಭಿಮಾನಿಗಳಿಗೆ ಎಷ್ಟು ಗೆದ್ದುಕೊಟ್ಟರೂ ಸಾಲದು, ಅವರಿಗೆ ತಲೆ ತಿರುಗಿದೆ." ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡುವವರೆಲ್ಲ ಈ ಮಾತು ಕೇಳಿರುತ್ತೀರಿ. ಕೆಂಟಕಿ ವಿಶ್ವವಿದ್ಯಾಲಯದ ತಂಡಕ್ಕೆ ಕೋಚ್ ಆಗಿದ್ದ ಜಾನ್ ಕ್ಯಾಲಿಪರಿಯಂಥವರನ್ನೇ ಓಡಿಸಿದರು ಅನ್ನುವ ಆರೋಪ ಈಗಲೂ ಇದೆ. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸೋಲು ಆ ಜನಕ್ಕೆ ಹೊಸದೇನಲ್ಲ. ಒಂದೇ ರೀತಿಯಲ್ಲಿ ಮತ್ತೆ ಮತ್ತೆ ಸೋಲುತ್ತಿದ್ದರೂ ಏನೂ ಬದಲಾಗಲಿಲ್ಲ. ಬದಲಾಯಿಸಿ ಅಂತ ಕೇಳುವ ದಾರಿಯೂ ಅವರಿಗೆ ಉಳಿದಿರಲಿಲ್ಲ. ಅವರ ಹೊಟ್ಟೆ ಉರಿದಿದ್ದು ಅದಕ್ಕೆ.

ಮೊದಲು ಆ ಊರಿನ ವಿಷಯ. ಕೆಂಟಕಿ ರಾಜ್ಯದಲ್ಲಿ ಎನ್‌ಬಿಎ, ಅಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಿನ ತಂಡ ಇಲ್ಲ. ಲೆಕ್ಸಿಂಗ್ಟನ್‌ನ ವಿಶ್ವವಿದ್ಯಾಲಯದ ತಂಡವೇ ಅಲ್ಲಿನ ಬಹಳಷ್ಟು ಜನರಿಗೆ ಎಲ್ಲವೂ. 1948ರಿಂದ 2012ರವರೆಗೆ ಎಂಟು ಸಲ ರಾಷ್ಟ್ರೀಯ ಚಾಂಪಿಯನ್ ಆಗಿರುವ ತಂಡ ಅದು. 2022ರ ಅಕ್ಟೋಬರ್‌ನಲ್ಲಿ ತಂಡ ಪೈಕ್‌ವಿಲ್ ಅನ್ನುವ ಊರಿಗೆ ಹೋಗಿ, ತನ್ನದೇ ಆಟಗಾರರನ್ನು ಎರಡು ಭಾಗ ಮಾಡಿ ಒಂದು ಅಭ್ಯಾಸ ಪಂದ್ಯ ಆಡಿತು. ಆ ಜುಲೈನಲ್ಲಿ ಪ್ರವಾಹಕ್ಕೆ ಸಿಕ್ಕಿ ನಲುಗಿದ್ದ ಪೂರ್ವ ಕೆಂಟಕಿಯ ಗುಡ್ಡಗಾಡು ಅದು. ಅಲ್ಲಿ ತೆಗೆದ ಒಂದು ಫೋಟೋ ದೇಶವೆಲ್ಲ ಓಡಾಡಿತು. ಕಲ್ಲಿದ್ದಲು ಗಣಿಯ ಕೆಲಸಗಾರನೊಬ್ಬ ಮೈ ಕೈ ಮುಖವೆಲ್ಲ ಮಸಿ ಮಾಡಿಕೊಂಡು, ಪಕ್ಕದಲ್ಲಿ ಪುಟ್ಟ ಮಗನನ್ನು ಕೂರಿಸಿಕೊಂಡು ಆಟ ನೋಡುತ್ತಿದ್ದಾನೆ. ಮನೆಗೆ ಹೋಗಿ ಸ್ನಾನ ಮಾಡುತ್ತಾ ಕೂತರೆ ಮಗನ ಜೊತೆ ಪಂದ್ಯ ನೋಡುವುದು ತಪ್ಪುತ್ತದೆ ಅಂತ ಪಾಳಿ ಮುಗಿದವನೇ ಗಣಿಯಿಂದ ನೇರ ಬಂದಿದ್ದ. ಆ ಫೋಟೋ ಹಂಚಿಕೊಂಡು ಮೆಚ್ಚಿದವರು ಕ್ಯಾಲಿಪರಿಯೇ. ಅದಕ್ಕೆ ಅವರನ್ನು ನಾನು ಗೌರವಿಸುತ್ತೇನೆ. ಇಂಥ ಜನರನ್ನು ಹಿಡಿದು ತಲೆ ತಿರುಗಿದವರು ಅನ್ನುವುದು ಎಷ್ಟು ಸರಿ ಹೇಳಿ.

ಕ್ಯಾಲಿಪರಿ 2009ರಲ್ಲಿ ಬಂದರು. ಬಂದ ಮೊದಲ ವರ್ಷವೇ ಅವರ ಐವರು ಹುಡುಗರು ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆಯ್ಕೆಯಾದರು. ಜಾನ್ ವಾಲ್ ಎಲ್ಲರಿಗಿಂತ ಮೊದಲು. 2012ರಲ್ಲಿ ಆಂಥನಿ ಡೇವಿಸ್ ಇದ್ದ ತಂಡ ಫೈನಲ್‌ನಲ್ಲಿ ಕ್ಯಾನ್ಸಸ್ ತಂಡವನ್ನು 67-59ರಿಂದ ಸೋಲಿಸಿ ಕಪ್ ಗೆದ್ದಿತು. 2015ರಲ್ಲಿ 38 ಪಂದ್ಯ ಸತತವಾಗಿ ಗೆದ್ದು, ಸೆಮಿಫೈನಲ್‌ನಲ್ಲಿ ವಿಸ್ಕಾನ್ಸಿನ್ ಕೈಲಿ ಸೋತಿತು. ಆಗ ಜನ ಅತ್ತರು, ನಿಜ. ಆದರೆ ಕೋಚ್ ಮನೆಗೆ ಹೋಗಲಿ ಅಂತ ಕೂಗೆದ್ದಿತಾ? ಇಲ್ಲ. ಸೋಲನ್ನು ನುಂಗಿಕೊಳ್ಳುವುದು ಅವರಿಗೆ ಗೊತ್ತಿತ್ತು.

ಕ್ಯಾಲಿಪರಿಯ ಲೆಕ್ಕ ಸರಳ. ಹೈಸ್ಕೂಲ್ ಮುಗಿಸಿದ ಹುಡುಗ ಒಂದು ವರ್ಷ ಕಾಯದೆ ಎನ್‌ಬಿಎಗೆ ಹೋಗುವಂತಿಲ್ಲ ಅನ್ನುವ ನಿಯಮ ಇದೆ. ಆ ಒಂದು ವರ್ಷಕ್ಕೆ ದೇಶದ ಅತ್ಯುತ್ತಮ ಹುಡುಗರನ್ನು ಕರೆತರುವುದು, ಆಡಿಸುವುದು, ಕಳಿಸುವುದು. ಮುಂದಿನ ವರ್ಷ ಮತ್ತೆ ಹೊಸಬರು. ಈ ಲೆಕ್ಕದಲ್ಲಿ ಅವರನ್ನು ಮೀರಿಸಿದವರು ಬಹಳ ಕಾಲ ಇರಲಿಲ್ಲ.

2019ರಲ್ಲಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ ಯುಸಿಎಲ್‌ಎ ಅವರಿಗೆ ಗಾಳ ಹಾಕಿತು. ಕೆಂಟಕಿಯವರು ಹೆದರಿದರು. ಅವರನ್ನು ಉಳಿಸಿಕೊಳ್ಳಲು ಕರಾರು ಮಾಡಿಕೊಂಡರು: ಹತ್ತು ವರ್ಷ, 8.6 ಕೋಟಿ ಡಾಲರ್. ಜೀವಮಾನದ ಕರಾರು ಅಂತಲೇ ಅದಕ್ಕೆ ಹೆಸರಾಯಿತು. ಈಗ ಮುಂದಿನದನ್ನು ಗಮನವಿಟ್ಟು ಕೇಳಿ. ಆ ಕರಾರಾದ ಮೇಲೆ ಕೆಂಟಕಿಯಲ್ಲಿ ಅವರು ಐದು ಸೀಸನ್ ಇದ್ದರು. ಸೀಸನ್ ಕೊನೆಗೆ ರಾಷ್ಟ್ರೀಯ ಚಾಂಪಿಯನ್ ಯಾರೆಂದು ನಿರ್ಧರಿಸುವ, ಒಮ್ಮೆ ಸೋತರೆ ಹೊರಬೀಳುವ ಟೂರ್ನಿ ಇರುತ್ತದೆ. 2020ರ ಟೂರ್ನಿಯನ್ನು ಕೊರೊನಾ ನುಂಗಿತು, ಅದು ಅವರ ತಪ್ಪಲ್ಲ. 2021ರಲ್ಲಿ 9 ಗೆಲುವು, 16 ಸೋಲು. ತಂಡ ಟೂರ್ನಿಗೇ ಹೋಗಲಿಲ್ಲ. 2022ರಲ್ಲಿ ಮೊದಲ ಪಂದ್ಯದಲ್ಲೇ ಸೋಲು. 2023ರಲ್ಲಿ ಪ್ರಾವಿಡೆನ್ಸ್ ವಿರುದ್ಧ ಗೆದ್ದು ಮುಂದಿನ ಪಂದ್ಯದಲ್ಲಿ ಹೊರಗೆ. 2024ರಲ್ಲಿ ಮತ್ತೆ ಮೊದಲ ಪಂದ್ಯದಲ್ಲೇ ಸೋಲು. ಐದು ವರ್ಷಕ್ಕೆ ಟೂರ್ನಿಯಲ್ಲಿ ಒಂದೇ ಒಂದು ಗೆಲುವು!

2022ರಲ್ಲಿ ಸೋಲಿಸಿದ್ದು ಯಾರು? ಜೆರ್ಸಿ ಸಿಟಿಯ ಸೇಂಟ್ ಪೀಟರ್ಸ್ ಅನ್ನುವ ಪುಟ್ಟ ಕಾಲೇಜು. ಹದಿನಾರು ತಂಡಗಳ ಗುಂಪಿನಲ್ಲಿ 15ನೇ ಶ್ರೇಯಾಂಕದ ತಂಡ. ಕೆಂಟಕಿಯ ಆಸ್ಕರ್ ಚೀಬ್ವೆ ಅವತ್ತು 30 ಪಾಯಿಂಟ್ ಗಳಿಸಿದ, ಗುರಿ ತಪ್ಪಿದ ಚೆಂಡನ್ನು 16 ಸಲ ಹಿಡಿದ. ಒಬ್ಬನೇ ಎಷ್ಟು ಅಂತ ಹೊರುತ್ತಾನೆ? ಹೆಚ್ಚುವರಿ ಅವಧಿಯಲ್ಲಿ 85-79ರಿಂದ ಸೋತರು. ಒಂದು ಸಲ ಹೀಗಾದರೆ ಆಟದಲ್ಲಿ ಇದೆಲ್ಲ ಇದ್ದದ್ದೇ ಅನ್ನಬಹುದು.

ಎರಡು ವರ್ಷದ ಮೇಲೆ, 2024ರ ಮಾರ್ಚ್ 21ರಂದು, ಪಿಟ್ಸ್‌ಬರ್ಗ್‌ನಲ್ಲಿ ಎದುರಾಗಿದ್ದು ಮಿಷಿಗನ್‌ನ ಓಕ್‌ಲ್ಯಾಂಡ್. 14ನೇ ಶ್ರೇಯಾಂಕ. ಆ ತಂಡದಲ್ಲಿ ಜ್ಯಾಕ್ ಗೋಲ್ಕಿ ಅಂತ ಒಬ್ಬ. ವಯಸ್ಸು 24. ಕೆಳಗಿನ ಡಿವಿಷನ್‌ನ ಕಾಲೇಜಿನಿಂದ ಬಂದವನು. ಅವನು ಎಸೆಯುವುದು ಹೆಚ್ಚುಕಡಿಮೆ ಮೂರು ಪಾಯಿಂಟ್‌ನ ಶಾಟ್ ಮಾತ್ರ ಅನ್ನುವುದು ಗುಟ್ಟಾಗಿರಲಿಲ್ಲ. ಸೀಸನ್ ಪೂರ್ತಿ ಅದನ್ನೇ ಮಾಡಿದ್ದ. ಅವತ್ತೂ ಅಷ್ಟೇ. 20 ಶಾಟ್ ಎಸೆದ, ಇಪ್ಪತ್ತೂ ಗೆರೆಯ ಆಚೆಯಿಂದಲೇ. ಹತ್ತು ಒಳಗೆ ಬಿದ್ದವು. ಎದುರಾಳಿಗೆ ಅಡ್ಡ ನಿಂತ ಜೊತೆಗಾರನನ್ನು ಸುತ್ತಿ ಬರುತ್ತಾನೆ, ಚೆಂಡು ಕೈಗೆ ಸಿಗುತ್ತದೆ, ಕಾಲು ನೆಲ ಬಿಡುವ ಹೊತ್ತಿಗೆ ಕೆಂಟಕಿಯ ಹುಡುಗ ಇನ್ನೂ ಒಂದು ಹೆಜ್ಜೆ ಹಿಂದೆ. ಮತ್ತೆ ಅದೇ, ಮತ್ತೆ ಅದೇ. ಪಂದ್ಯ ಮುಗಿದಾಗ ಅವನ ಲೆಕ್ಕ 32 ಪಾಯಿಂಟ್. ಕೆಂಟಕಿ 80-76ರಿಂದ ಸೋತಿತು. ಆ ಕೆಂಟಕಿ ತಂಡದ ರೀಡ್ ಶೆಪರ್ಡ್ ಮತ್ತು ರಾಬ್ ಡಿಲ್ಲಿಂಗ್‌ಹ್ಯಾಮ್ ಮೂರೇ ತಿಂಗಳಲ್ಲಿ ಎನ್‌ಬಿಎ ಡ್ರಾಫ್ಟ್‌ನ ಮೊದಲ ಹತ್ತರೊಳಗೆ ಆಯ್ಕೆಯಾದರು. ಪ್ರತಿಭೆಗೆ ಬರ ಇರಲಿಲ್ಲ ಅಲ್ವಾ?

ಬದಲಾಗಿದ್ದು ಕಾಲ. 2021ರಿಂದ ಆಟಗಾರರು ಒಂದು ವರ್ಷ ಹೊರಗೆ ಕೂರದೆ ಕಾಲೇಜು ಬದಲಿಸಬಹುದು. ಕೊರೊನಾ ಕಾರಣಕ್ಕೆ ಎಲ್ಲರಿಗೂ ಒಂದು ವರ್ಷ ಜಾಸ್ತಿ ಆಡುವ ಅವಕಾಶ ಸಿಕ್ಕಿತು. ಹಾಗಾಗಿ ಸಣ್ಣ ಕಾಲೇಜುಗಳಲ್ಲೂ 23, 24 ವರ್ಷದ ಬಲಿತ ಆಟಗಾರರು ತುಂಬಿಕೊಂಡರು. ಅವರ ಎದುರಿಗೆ 18, 19ರ ಹುಡುಗರ ಮೇಲೆ ಅಷ್ಟು ಭಾರ ಹಾಕಿದರೆ ಏನಾಗುತ್ತದೆ ಅನ್ನುವುದನ್ನು ಸೇಂಟ್ ಪೀಟರ್ಸ್ ಪಂದ್ಯದ ನಂತರ ಮನೆಯಲ್ಲಿ ಟಿವಿ ನೋಡುವವರೂ ಹೇಳುತ್ತಿದ್ದರು. ಕ್ಯಾಲಿಪರಿ ಮಾತ್ರ ಹಿಡಿದ ಪಟ್ಟು ಬಿಡಲಿಲ್ಲ. ಯಾಕೆ ಬಿಡಬೇಕು? ಅವರನ್ನು ತೆಗೆಯಬೇಕಾದರೆ ವಿಶ್ವವಿದ್ಯಾಲಯ 3.3 ಕೋಟಿ ಡಾಲರ್‌ಗೂ ಜಾಸ್ತಿ ಕೊಡಬೇಕಿತ್ತು. ನನ್ನ ವಾದ ಇಷ್ಟೇ. ಆ ಹಟಕ್ಕೆ ಗೊಬ್ಬರ ಹಾಕಿದ್ದು ಆ ಕರಾರು. ಕೆಲಸದ ಮೇಲೆ ಯಾರ ಹಿಡಿತವೂ ಇಲ್ಲದಂತೆ ಮಾಡಿದರೆ ಎಷ್ಟೇ ದೊಡ್ಡ ಕೋಚ್ ಆದರೂ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವುದನ್ನು ನಿಲ್ಲಿಸುತ್ತಾನೆ. ಅಭಿಮಾನಿಗೆ ಉಳಿಯುವುದು ಕೂಗುವುದೊಂದೇ.

ಅಭಿಮಾನಿಗಳಿಗೂ ಒಂದು ಮಾತು ಹೇಳಲೇಬೇಕು. ಕೂಗುವುದು ಬೇರೆ. ಸೋತ ರಾತ್ರಿ 19 ವರ್ಷದ ಹುಡುಗನ ಇನ್‌ಸ್ಟಾಗ್ರಾಂಗೆ ನುಗ್ಗಿ ಅವನ ಅಪ್ಪ ಅಮ್ಮನನ್ನೂ ಸೇರಿಸಿ ಬೈಯುವುದು ಬೇರೆ. ಅದು ಹೊಲಸು ಕೆಲಸ. ಆ ಹುಡುಗ ಕರಾರಿಗೆ ಸಹಿ ಹಾಕಿಲ್ಲ, ಯೋಜನೆ ಮಾಡಿಲ್ಲ. ಕೋಚ್ ಕೋಟಿಗಟ್ಟಲೆ ತೆಗೆದುಕೊಳ್ಳುವುದು ಆ ಭಾರ ಹೊರುವುದಕ್ಕೇ. ಉಗಿಯುವುದಿದ್ದರೆ ಅವರನ್ನು ಉಗಿಯಿರಿ, ಅದೂ ಆಟದ ಬಗ್ಗೆ.

ಕೊನೆಗೆ 2024ರ ಏಪ್ರಿಲ್‌ನಲ್ಲಿ ಕ್ಯಾಲಿಪರಿ ತಾವಾಗಿಯೇ ಆರ್ಕನ್ಸಾ ವಿಶ್ವವಿದ್ಯಾಲಯದ ತಂಡಕ್ಕೆ ಹೋದರು. ಓಡಿಸಿದರು ಅನ್ನುವವರು ಇದನ್ನು ಮರೆಯುತ್ತಾರೆ. ಮುಂದಿನ ಫೆಬ್ರವರಿಯಲ್ಲಿ ಅವರು ಕೆಂಟಕಿಯ ತವರು ಅಂಗಳವಾದ ರಪ್ ಅರೀನಾಕ್ಕೆ ಎದುರಾಳಿಯಾಗಿ ಬಂದು 89-79ರಿಂದ ಗೆದ್ದರು. ಹೊಟ್ಟೆಗೆ ಕಿಚ್ಚು ಇಟ್ಟಂತಾಯಿತು. ಆದರೂ ಆ ವರ್ಷ ಟೂರ್ನಿಯಲ್ಲಿ ಎರಡೂ ತಂಡ ಕೊನೆಯ ಹದಿನಾರರವರೆಗೆ ಹೋದವು. ಇಬ್ಬರಿಗೂ ಹೊಸ ಗಾಳಿ ಬೇಕಿತ್ತು ಅಂತ ಅಭಿಮಾನಿಗಳು ಹೇಳಿದ್ದರಲ್ಲಿ ತಪ್ಪೇನಿತ್ತು?

ಕೆಂಟಕಿಗೆ ಹೊಸ ಕೋಚ್ ಆಗಿ ಬಂದವರು ಮಾರ್ಕ್ ಪೋಪ್. 1996ರಲ್ಲಿ ಕಪ್ ಗೆದ್ದ ತಂಡದ ನಾಯಕರಲ್ಲೊಬ್ಬರು. ಅವರಿಗೂ ರಿಯಾಯಿತಿ ಸಿಗಲಿಲ್ಲ. 2025ರ ಡಿಸೆಂಬರ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ ಗೊನ್ಜಾಗ ವಿರುದ್ಧ 94-59ರಿಂದ ಸೋತಾಗ ತಮ್ಮದೇ ಜನ ಜೋರಾಗಿ ಕೂಗಿ ಛೀಮಾರಿ ಹಾಕಿದರು. ಪಂದ್ಯದ ನಂತರ ಪೋಪ್ ನೆಪ ಹುಡುಕಲಿಲ್ಲ. ಆ ಕೂಗು ನ್ಯಾಯವಾದದ್ದೇ, ಅದರಲ್ಲಿ ಹೆಚ್ಚಿನ ಪಾಲು ನನ್ನದೇ ಅಂತ ಒಪ್ಪಿಕೊಂಡರು. ಅಷ್ಟರಿಂದ ಪಂದ್ಯ ಗೆದ್ದಂತಾಗುವುದಿಲ್ಲ, ಅವರ ಕೆಲಸವೂ ಉಳಿಯುವುದಿಲ್ಲ. ಆದರೆ ಕ್ಯಾಲಿಪರಿಯ ಕೊನೆಯ ಐದು ವರ್ಷ ಆ ಜನ ಕಾಯುತ್ತಿದ್ದುದು ಇಂಥದ್ದೇ ಒಂದು ಉತ್ತರಕ್ಕೆ.