ಮೊದಲ ಚೀಟಿಯಲ್ಲಿ ಏನು ಬರೆದರು?

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಕ್ಯಾತ್ಸಂದ್ರದವಳು, ಹೈಸ್ಕೂಲ್ ಟೀಚರ್. ಎರಡು ವರ್ಷದ ಹಿಂದೆ ಡಿಸೆಂಬರ್ ರಜೆಯಲ್ಲಿ ನಾನು, ನಮ್ಮ ಮನೆಯವರು, ಎಂಟನೇ ಕ್ಲಾಸಿನ ಮಗ, ಜೊತೆಗೆ ನಮ್ಮ ಅತ್ತೆ, ಥಾಯ್ಲೆಂಡಿನ ಕ್ರಾಬಿಗೆ ಹೋಗಿದ್ದೆವು. ಅತ್ತೆಗೆ ಆಗ 66 ವರ್ಷ. ವಿಮಾನ ಹತ್ತಿದ್ದು ಅದೇ ಮೊದಲು. ಮೂರನೇ ದಿನ ಬಿದ್ದು ಮಂಡಿ ಚಿಪ್ಪು ಮುರಿದುಕೊಂಡರು. ಅಲ್ಲಿಂದ ಊರು ಸೇರುವವರೆಗೆ, ಊರು ಸೇರಿದ ಮೇಲೂ ನಾಲ್ಕು ತಿಂಗಳು, ಆಸ್ಪತ್ರೆ ಮತ್ತು ಇನ್ಶೂರೆನ್ಸ್ ಕಾಗದಗಳ ಜೊತೆ ನಾವು ಒದ್ದಾಡಿದ್ದನ್ನು ಹೇಳಬೇಕು ಅಂತ ಬಂದಿದ್ದೇನೆ. ಈಗ ನಮ್ಮ ಬೀದಿಯಿಂದಲೇ ವರ್ಷಕ್ಕೆ ಮೂರ್ನಾಲ್ಕು ಮನೆಯವರು ಹೊರದೇಶ ನೋಡಿ ಬರುತ್ತಾರೆ. ಸೂಟ್‌ಕೇಸಿಗೆ ಹತ್ತು ಅಂಗಡಿ ಸುತ್ತುತ್ತಾರೆ. ಇನ್ಶೂರೆನ್ಸ್ ಕಾಗದವನ್ನು ಮಾತ್ರ ಯಾರೂ ಬಿಚ್ಚಿ ಓದುವುದಿಲ್ಲ. ನಾವೂ ಓದಿರಲಿಲ್ಲ.

ರೈಲೇ ಅಂತ ಒಂದು ಕಡಲ ತೀರ. ಸುತ್ತ ಸುಣ್ಣಕಲ್ಲಿನ ಬೆಟ್ಟ, ಅಲ್ಲಿಗೆ ರಸ್ತೆಯೇ ಇಲ್ಲ, ಆವೋ ನಾಂಗ್ ಕಡೆಯಿಂದ ಮರದ ಮೋಟಾರು ದೋಣಿಯಲ್ಲಿ ಹೋಗಬೇಕು. ದೋಣಿ ದಡದವರೆಗೂ ಬರುವುದಿಲ್ಲ. ಮೊಣಕಾಲುದ್ದ ನೀರಲ್ಲಿ ನಿಲ್ಲುತ್ತೆ, ಒಂದು ಸಣ್ಣ ಏಣಿ ಇಳಿಬಿಡುತ್ತಾರೆ. ಅತ್ತೆ ಒಂದು ಕೈಯಲ್ಲಿ ಸೀರೆ ನೆರಿಗೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮೊಮ್ಮಗನ ಭುಜ ಹಿಡಿದು ಇಳಿಯುತ್ತಿದ್ದರು. ಅಷ್ಟರಲ್ಲಿ ಅಲೆ ಬಂತು. ದೋಣಿ ಎದ್ದಿತು, ಏಣಿ ಓಲಾಡಿತು, ಬಲಗಾಲಿನ ಮಂಡಿ ಹೋಗಿ ಮರದ ಅಂಚಿಗೆ ಬಡಿಯಿತು. ಸಿದ್ಧಗಂಗೆ ಬೆಟ್ಟವನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿಯುತ್ತಿದ್ದ ಹೆಂಗಸು, ನೀರಲ್ಲಿ ಕೂತವರು ಏಳಲೇ ಇಲ್ಲ. ಕಾಲು ಚಾಚಲು ಆಗುತ್ತಿಲ್ಲ ಅಂದರು. ನನಗೆ ಕೈಕಾಲು ತಣ್ಣಗಾಯಿತು.

ಥಾಯ್ಲೆಂಡಿನಲ್ಲಿ ಆಂಬುಲೆನ್ಸ್ ಕರೆಯುವ ನಂಬರ್ 1669. ಪ್ರವಾಸಿಗಳಿಗಾಗಿಯೇ ಇರುವ ಪೊಲೀಸರದು 1155. ನಮಗೆ ಎರಡೂ ಗೊತ್ತಿರಲಿಲ್ಲ. ಸಿಂಗಾಪುರದಲ್ಲಿ ಆಂಬುಲೆನ್ಸಿಗೆ 995, ಯುರೋಪಿನ ದೇಶಗಳಲ್ಲಿ 112, ಶ್ರೀಲಂಕಾದಲ್ಲಿ 1990. ನಮ್ಮ 108 ಇದ್ದ ಹಾಗೆ. ಹೋಗುವ ದೇಶದ್ದನ್ನು ಬರೆದಿಟ್ಟುಕೊಳ್ಳಿ. ನಮ್ಮ ಪುಣ್ಯಕ್ಕೆ ದೋಣಿಯವನೇ ವಾಪಸ್ ಕರೆದುಕೊಂಡು ಹೋಗಿ, ಗಾಡಿ ಹಿಡಿದು, 20 ಕಿಲೋಮೀಟರ್ ದೂರದ ಕ್ರಾಬಿ ಪಟ್ಟಣದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ. ಅವನ ಹೆಸರು ಕೂಡ ಕೇಳಲಿಲ್ಲ ನಾವು.

ಕೌಂಟರಿನಲ್ಲಿದ್ದ ಹುಡುಗಿ ಕೈ ಮುಗಿದು ಎರಡು ವಸ್ತು ಕೇಳಿದಳು. ಪಾಸ್‌ಪೋರ್ಟ್ ಮತ್ತು ಇನ್ಶೂರೆನ್ಸ್. ಪಾಸ್‌ಪೋರ್ಟ್ ಇತ್ತು. ಇನ್ಶೂರೆನ್ಸ್ ಪ್ರಿಂಟು ಹೋಟೆಲಿನ ಸೂಟ್‌ಕೇಸಿನ ತಳದಲ್ಲಿ, ಸೀರೆಗಳ ಕೆಳಗೆ ಇತ್ತು. ಇನ್ನೊಂದು ಕಾಪಿ ನಮ್ಮ ಮನೆಯವರ ಮೇಲ್‌ನಲ್ಲಿ. ಅವರ ಫೋನ್ ಅತ್ತೆಯನ್ನು ಎತ್ತುವಾಗ ನೀರಿಗೆ ಬಿದ್ದಿತ್ತು. ಪಾಲಿಸಿ ಇದೆ ಕಣಮ್ಮ ಅಂದರೆ ಅವಳಾದರೂ ಏನು ಮಾಡುತ್ತಾಳೆ, ನಂಬರ್ ಬೇಕಲ್ವಾ? ಹಾಗಿದ್ದರೆ ಡೆಪಾಸಿಟ್ ಕಟ್ಟಿ ಅಂದಳು. 50 ಸಾವಿರ ಬಾಟ್. ಆಗಿನ ಲೆಕ್ಕಕ್ಕೆ ಒಂದೂಕಾಲು ಲಕ್ಷ ರೂಪಾಯಿ ಹತ್ತಿರ. ಕಾರ್ಡ್ ಉಜ್ಜಿದೆವು.

ನಾವು ಮಾಡಿದ ಮೊದಲ ತಪ್ಪು ಇದೇ. ಪ್ರವಾಸದ ಪಾಲಿಸಿಯ ಮೇಲೆ ಒಂದು ಸಹಾಯದ ನಂಬರ್ ಇರುತ್ತೆ, ಹಗಲು ರಾತ್ರಿ ಎತ್ತುತ್ತಾರೆ. ಆಸ್ಪತ್ರೆ ಬಾಗಿಲಲ್ಲಿ ನಿಂತು ಅಲ್ಲಿಗೆ ಫೋನ್ ಮಾಡಿದರೆ, ಅವರು ಆಸ್ಪತ್ರೆಗೆ ನೇರವಾಗಿ ಗ್ಯಾರಂಟಿ ಪತ್ರ ಕಳಿಸುವ ಸಾಧ್ಯತೆ ಇರುತ್ತೆ. ಆಗ ದೊಡ್ಡ ಬಿಲ್ಲು ಕಂಪನಿಗೂ ಆಸ್ಪತ್ರೆಗೂ ನಡುವೆ ತೀರುತ್ತೆ. ಹತ್ತಿರದಲ್ಲಿ ಯಾವ ಆಸ್ಪತ್ರೆಗೆ ಹೋದರೆ ಒಳ್ಳೆಯದು ಅಂತಲೂ ಹೇಳುತ್ತಾರೆ. ನಾವು ಫೋನ್ ಮಾಡಿದ್ದು ಮಾರನೇ ದಿನ ಬೆಳಗ್ಗೆ, ಮಗ ಹೋಟೆಲಿನಿಂದ ಕಾಗದ ತಂದ ಮೇಲೆ. 24 ಗಂಟೆಯ ಒಳಗೆ ತಿಳಿಸಬೇಕು ಅಂತ ನಮ್ಮ ಪಾಲಿಸಿಯಲ್ಲಿ ಇತ್ತು, ಅಷ್ಟರೊಳಗೆ ತಿಳಿಸಿದ್ದರಿಂದ ಕ್ಲೇಮ್ ಉಳಿಯಿತು. ಆದರೆ ದುಡ್ಡು ಕಟ್ಟಿ ಆಗಿತ್ತು. ನೀವೇ ಪೂರ್ತಿ ಕಟ್ಟಿ, ಊರಿಗೆ ಬಂದು ಬಿಲ್ಲು ಕೊಡಿ ಅಂದರು.

ಆದರೆ ನನ್ನನ್ನು ಈಗಲೂ ಕಾಡುವುದು ಎರಡನೇ ತಪ್ಪು. ಅದನ್ನು ಮಾಡಿದವಳು ನಾನು.

ತುರ್ತು ವಿಭಾಗದಲ್ಲಿ ನರ್ಸ್ ಕಂಪ್ಯೂಟರ್ ಮುಂದೆ ಕೂತು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾ ಹೋದರು. ಸಕ್ಕರೆ ಕಾಯಿಲೆ ಇದೆಯಾ, ಬಿಪಿ ಇದೆಯಾ, ಯಾವ ಮಾತ್ರೆ ನುಂಗುತ್ತಾರೆ. ನಾನು ಕನ್ನಡಕ್ಕೆ ಹೇಳೋದು, ಅತ್ತೆ ನೋವಿನಲ್ಲೇ ಉತ್ತರ ಕೊಡೋದು. ಈ ಮಂಡಿಯಲ್ಲಿ ಮೊದಲು ನೋವಿತ್ತಾ ಅಂತ ಕೇಳಿದರು. ಅತ್ತೆ, "ಹೂಂ ಕಣಮ್ಮ, ಇದೇ ಹಾಳು ಮಂಡಿ, ಐದಾರು ವರ್ಷದಿಂದ ಹಿಂಗೇ," ಅಂದರು. ನಾನು ಹಾಗೇ ಹೇಳಿದೆ. ನರ್ಸ್ ಟಕಟಕ ಅಂತ ಹೊಡೆದುಕೊಂಡರು. ದೋಣಿಯಿಂದ ಬಿದ್ದದ್ದನ್ನು ನಾವು ಹೇಳಿದ್ದು ಕೊನೆಯಲ್ಲಿ, ಅದೂ ಅರ್ಧಂಬರ್ಧ, ಅತ್ತೆಯನ್ನು ಎಕ್ಸ್‌ರೇಗೆ ತಳ್ಳಿಕೊಂಡು ಹೋಗುವಾಗ.

ಆಸ್ಪತ್ರೆಯಿಂದ ಬಿಡುವಾಗ ಕೊಡುವ ಡಿಸ್ಚಾರ್ಜ್ ಸಮ್ಮರಿಯ ಮೊದಲ ಸಾಲು ಏನಿತ್ತು ಗೊತ್ತಾ? ಬಲ ಮಂಡಿಯಲ್ಲಿ ಹಲವು ವರ್ಷದ ನೋವು ಇರುವ ರೋಗಿ, ಅಂತ. ಬಿದ್ದ ವಿಷಯ ಮೂರನೇ ಸಾಲಿನಲ್ಲಿ, ಎಲ್ಲಿ ಬಿದ್ದರು ಯಾವಾಗ ಬಿದ್ದರು ಅನ್ನೋದೇ ಇಲ್ಲದೆ. ನಾವು ಓದದೆ ಸಹಿ ಹಾಕಿ ತಂದೆವು. ಎರಡು ತಿಂಗಳಾದ ಮೇಲೆ ಕಂಪನಿಯಿಂದ ಪತ್ರ ಬಂತು. ಇದು ಪಾಲಿಸಿ ಕೊಳ್ಳುವ ಮೊದಲೇ ಇದ್ದ ತೊಂದರೆ ಅಂತ ಕಾಣುತ್ತೆ, ವಿವರಣೆ ಕೊಡಿ.

ಪ್ರವಾಸದ ಪಾಲಿಸಿಗಳಲ್ಲಿ ಮೊದಲಿಂದ ಇರುವ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಸಿಗುವುದಿಲ್ಲ, ಜೀವಕ್ಕೆ ಅಪಾಯ ಇದ್ದರೆ ಮಾತ್ರ ಕೆಲವರು ಕೊಡುತ್ತಾರೆ. ಸವೆದ ಮಂಡಿ ಹಳೆಯದು, ಒಡೆದ ಚಿಪ್ಪು ಹೊಸದು. ನೋಡಿದವರಿಗೆ ಅದು ಗೊತ್ತು. ಆದರೆ ಮುಂಬೈನಲ್ಲೋ ಪುಣೆಯಲ್ಲೋ ಕೂತು ಫೈಲ್ ನೋಡುವವರಿಗೆ ನಮ್ಮ ಅತ್ತೆ ಕಾಣುವುದಿಲ್ಲ, ಆ ದೋಣಿ ಕಾಣುವುದಿಲ್ಲ, ಆಸ್ಪತ್ರೆಯ ಮೊದಲ ಚೀಟಿ ಮಾತ್ರ ಕಾಣುತ್ತೆ. ಸುಳ್ಳು ಹೇಳಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ಹಳೆಯ ನೋವನ್ನು, ಸಕ್ಕರೆಯನ್ನು, ಮಾತ್ರೆಗಳನ್ನು ಮುಚ್ಚಿಡಲೇಬೇಡಿ, ಡಾಕ್ಟರಿಗೂ ಮುಚ್ಚಿಡಬೇಡಿ, ಪಾಲಿಸಿ ಕೊಳ್ಳುವಾಗ ಫಾರಂನಲ್ಲೂ ಮುಚ್ಚಿಡಬೇಡಿ. ಆದರೆ ಮೊದಲು ಹೇಳಬೇಕಾದ್ದನ್ನು ಮೊದಲು ಹೇಳಿ. ಇಷ್ಟು ಹೊತ್ತಿಗೆ, ಇಂಥ ಕಡೆ, ಹೀಗೆ ಬಿದ್ದರು, ಬೀಳುವ ಮುಂಚೆ ನಡೆಯುತ್ತಿದ್ದರು, ಬಿದ್ದ ಮೇಲೆ ಏಳಲಾಗಲಿಲ್ಲ. ಅದನ್ನು ಬರೆದುಕೊಂಡರಾ ಅಂತ ಸ್ಕ್ರೀನ್ ತೋರಿಸಿ ಅಂತ ಕೇಳಿ. ಸಂಕೋಚ ಬೇಡ. ಹೊರಡುವ ದಿನ ಸಮ್ಮರಿಯನ್ನು ಕೂತು ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಅಲ್ಲಿ ಹತ್ತು ನಿಮಿಷದಲ್ಲಿ ಆಗುವ ಕೆಲಸಕ್ಕೆ ಇಲ್ಲಿಂದ ನಮಗೆ ಮೂರು ವಾರ ಹಿಡಿಯಿತು. ಆಪರೇಷನ್ ಮಾಡಿದ ಡಾಕ್ಟರಿಗೆ ಮೇಲ್ ಮೇಲೆ ಮೇಲ್ ಬರೆದು, ಎಕ್ಸ್‌ರೇಯಲ್ಲಿ ಕಂಡದ್ದು ಹೊಸ ಮುರಿತ, ಬಿದ್ದದ್ದರಿಂದ ಆದದ್ದು ಅಂತ ಪತ್ರ ತರಿಸಿಕೊಂಡೆವು. ದೋಣಿಯ ಟಿಕೆಟ್ ಮಗನ ಪುಸ್ತಕದಲ್ಲಿ ಸಿಕ್ಕಿತು, ಅದನ್ನೂ ಲಗತ್ತಿಸಿದೆವು. ಆ ಡಾಕ್ಟರ್ ಉತ್ತರ ಬರೆದದ್ದನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತೆ. ಯಾವ ದೇಶದವರೋ, ಯಾವ ಊರಿನವರೋ.

ಆಪರೇಷನ್ ಅಲ್ಲೇ ಮಾಡಿಸಬೇಕಾ, ಊರಿಗೆ ತರಬೇಕಾ ಅನ್ನೋದು ದೊಡ್ಡ ಚರ್ಚೆ ಆಯಿತು. "ಸುಮ್ನೆ ಕಟ್ಟು ಹಾಕಿಸಿ ಕರ್ಕೊಂಡು ಹೋಗ್ರಪ್ಪ, ನಮ್ಮೂರಲ್ಲಿ ಡಾಕ್ಟ್ರು ಇಲ್ವಾ," ಅಂತ ಅತ್ತೆ ಹಟ ಹಿಡಿದರು. ನಮಗೂ ಹಾಗೇ ಅನ್ನಿಸಿತ್ತು. ಆದರೆ ಇದೂ ತಿಳಿದಿರಲಿ. ಈ ಪಾಲಿಸಿಗಳು ಮುಖ್ಯವಾಗಿ ಹೊರದೇಶದಲ್ಲಿ ಆಗುವ ತುರ್ತು ಚಿಕಿತ್ಸೆಗೆ ಇರುವುದು. ಊರಿಗೆ ಬಂದ ಮೇಲಿನ ಆಪರೇಷನ್ನಿಗೆ ಬಹಳಷ್ಟು ಪಾಲಿಸಿಗಳು ಕೊಡುವುದಿಲ್ಲ. ಹಾಗಂತ ಊರಿಗೆ ಬರುವವರೆಗೆ ಕಾಯಬಹುದಾದ ಚಿಕಿತ್ಸೆಯನ್ನು ಅಲ್ಲೇ ಮಾಡಿಸಿಕೊಂಡರೂ ತಕರಾರು ತೆಗೆಯುತ್ತಾರೆ. ಅದಕ್ಕೇ ಡಾಕ್ಟರ್ ಹತ್ತಿರ, ಇದು ತುರ್ತಾಗಿ ಆಗಬೇಕಾ ಅಂತ ಕೇಳಿ, ಹೌದು ಅಂದರೆ ಬರೆಸಿಕೊಳ್ಳಿ. ಅತ್ತೆಯ ಚಿಪ್ಪು ಎರಡು ತುಂಡಾಗಿ ದೂರ ಸರಿದಿತ್ತು. ಕಂಪನಿ ಕಡೆಯ ಡಾಕ್ಟರ್ ಫೋನಿನಲ್ಲಿ ಮಾತಾಡಿ ಒಪ್ಪಿದರು. ಮಾರನೇ ದಿನ ತಂತಿ ಹಾಕಿ ಜೋಡಿಸಿದರು.

ವಾಪಸ್ ಬರೋದು ಇನ್ನೊಂದು ಪಾಡು. ಕಾಲು ಮಡಿಸುವ ಹಾಗಿಲ್ಲ, ತೊಡೆಯಿಂದ ಹಿಮ್ಮಡಿವರೆಗೆ ಪಟ್ಟಿ. ಮಾಮೂಲಿ ಸೀಟಿನಲ್ಲಿ ಆ ಕಾಲು ಎಲ್ಲಿಡೋದು? ವಿಮಾನದವರು, ಹಾರಲು ತೊಂದರೆ ಇಲ್ಲ ಅಂತ ಡಾಕ್ಟರ್ ಪತ್ರ ತನ್ನಿ ಅಂದರು. ಹೊಸದಾಗಿ ಸುತ್ತಿದ ಪ್ಲಾಸ್ಟರ್ ಇದ್ದರೆ ಇನ್ನೂ ಎಚ್ಚರ ಬೇಕು. ಹಾಕಿ 48 ಗಂಟೆ ಆಗಿರಬೇಕು, ಇಲ್ಲದಿದ್ದರೆ ಅದನ್ನು ಉದ್ದಕ್ಕೆ ಸೀಳಿಸಿಕೊಂಡು ಹೋಗಬೇಕು. ಆಕಾಶದಲ್ಲಿ ಕಾಲು ಊದಿಕೊಂಡರೆ ಒಳಗೆ ರಕ್ತ ಓಡುವುದೇ ನಿಲ್ಲಬಹುದು. ಗಂಟೆಗಟ್ಟಲೆ ಕಾಲಾಡಿಸದೆ ಕೂತರೆ ರಕ್ತ ಹೆಪ್ಪುಗಟ್ಟುವ ಭಯವೂ ಇದೆ. ಅದಕ್ಕೆ ಡಾಕ್ಟರ್ ಒಂದು ಇಂಜೆಕ್ಷನ್ ಕೊಟ್ಟು, ಕಾಲ್ಬೆರಳು ಆಡಿಸುತ್ತಾ ಇರಿ ಅಂದಿದ್ದರು. ಫುಕೆಟ್‌ನಿಂದ ಬೆಂಗಳೂರಿಗೆ ನಾಲ್ಕು ಗಂಟೆ. ಅಷ್ಟು ಹೊತ್ತೂ ಮೊಮ್ಮಗ ಪಕ್ಕದಲ್ಲಿ ಕೂತು, "ಅಜ್ಜಿ, ಬೆರಳು," ಅಂತ ನೆನಪಿಸುತ್ತಲೇ ಇದ್ದ.

ಕೊನೆಗೆ ದುಡ್ಡು ಬಂತು. ಪೂರ್ತಿ ಅಲ್ಲ. ಮೊದಲ 100 ಡಾಲರ್ ನಮ್ಮ ಪಾಲು ಅಂತ ಪಾಲಿಸಿಯಲ್ಲೇ ಇತ್ತು, ಅದನ್ನು ಹಿಡಿದರು. ನಾವು ಹೋಟೆಲಿನಲ್ಲಿ ಜಾಸ್ತಿ ಉಳಿದ ನಾಲ್ಕು ದಿನದ ಖರ್ಚು ಸಿಗಲಿಲ್ಲ. ಒಂದು ಔಷಧಿ ಬಿಲ್ಲು ಥಾಯ್ ಭಾಷೆಯಲ್ಲಿತ್ತು, ಅದನ್ನೂ ತಳ್ಳಿಹಾಕಿದರು. ಬಿಲ್ಲು, ರಸೀದಿ, ಡಾಕ್ಟರ್ ಚೀಟಿ ಎಲ್ಲಾ ಇಂಗ್ಲಿಷಿನಲ್ಲಿ ಕೇಳಿ, ಕೊಡುತ್ತಾರೆ. ಎಕ್ಸ್‌ರೇ ಬಿಡಬೇಡಿ. ವಿಮಾನದ ಬೋರ್ಡಿಂಗ್ ಪಾಸ್ ಬಿಸಾಡಬೇಡಿ, ಅದನ್ನೂ ಕೇಳಿದರು ನಮ್ಮನ್ನು.

ಕಂಪನಿ ಒಪ್ಪದಿದ್ದರೆ ಕೈಚೆಲ್ಲಿ ಕೂರಬೇಕಾಗಿಲ್ಲ. ಮೊದಲು ಕಂಪನಿಗೇ ದೂರು ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಅನ್ನಿಸದಿದ್ದರೆ, ವಿಮಾ ಒಂಬುಡ್ಸ್‌ಮನ್ ಅಂತ ಇದ್ದಾರೆ, ನಮ್ಮ ರಾಜ್ಯದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕ ಇಲ್ಲ, ವಕೀಲರೂ ಬೇಡ, 50 ಲಕ್ಷ ರೂಪಾಯಿವರೆಗಿನ ತಕರಾರು ನೋಡುತ್ತಾರೆ. ಒಂದು ವರ್ಷದೊಳಗೆ ಹೋಗಬೇಕು ಅಷ್ಟೇ. ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255. ನಮ್ಮ ತುಮಕೂರಿನಿಂದ ಜೆ.ಪಿ. ನಗರ ಅಂದರೆ ಬೆಳಗ್ಗೆ ಹೋಗಿ ಸಂಜೆ ಬರುವ ದಾರಿ.

ನಮ್ಮ ಜನ ಇನ್ನೊಂದು ಮಾತು ಹೇಳುತ್ತಾರೆ. ನಮ್ಮ ಹತ್ತಿರ ಆಯುಷ್ಮಾನ್ ಕಾರ್ಡ್ ಇದೆ, ಯಶಸ್ವಿನಿ ಇದೆ, ಮಗನ ಕಂಪನಿಯ ಇನ್ಶೂರೆನ್ಸ್ ಇದೆ ಅಂತ. ಆ ಸರ್ಕಾರಿ ಕಾರ್ಡುಗಳು ಹೊರದೇಶದ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ಕಂಪನಿಯವು, ನಾವೇ ಕಟ್ಟುವ ಮಾಮೂಲಿ ಹೆಲ್ತ್ ಪಾಲಿಸಿಗಳು ಕೂಡ ಸಾಮಾನ್ಯವಾಗಿ ಭಾರತದ ಒಳಗೆ ಮಾತ್ರ. ಯುರೋಪಿನ ಷೆಂಗೆನ್ ದೇಶಗಳು ಕನಿಷ್ಠ 30,000 ಯೂರೋ ಚಿಕಿತ್ಸೆಯ ವಿಮೆ ಇಲ್ಲದೆ ವೀಸಾನೇ ಕೊಡುವುದಿಲ್ಲ, ಹಾಗಾಗಿ ಅಲ್ಲಿಗೆ ಹೋಗುವವರು ಮಾಡಿಸುತ್ತಾರೆ. ಕೇಳದ ದೇಶಕ್ಕೆ ಹೋಗುವವರೇ ಬಿಟ್ಟುಬಿಡುವುದು. ನಮಗೆ ನಾಲ್ಕು ಜನಕ್ಕೂ ಸೇರಿ ಆದ ಪ್ರೀಮಿಯಂ ನಾಲ್ಕು ಸಾವಿರದ ಒಳಗೆ. ವಿಮಾನ ಹತ್ತುವ ಮೊದಲೇ ಮಾಡಿಸಿ. ಅಲ್ಲಿ ಹೋದ ಮೇಲೆ ಮಾಡಿಸುತ್ತೇವೆ ಅಂದರೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ಕೊಡುವುದಿಲ್ಲ.

ಹುಡುಗರಿಗೆ ಒಂದು ಕಿವಿಮಾತು. ನನ್ನ ಜೊತೆ ಕೆಲಸ ಮಾಡುವ ಮೇಡಂ ಒಬ್ಬರ ಮಗ ಥಾಯ್ಲೆಂಡಿನಲ್ಲೇ ಸ್ಕೂಟರ್ ಬಾಡಿಗೆಗೆ ತಗೊಂಡು ಬಿದ್ದ. ಹೆಗಲ ಮೂಳೆ ಮುರಿಯಿತು. ಅವನ ಹತ್ತಿರ ಇದ್ದದ್ದು ಕಾರಿನ ಲೈಸೆನ್ಸ್ ಮಾತ್ರ. ಕಂಪನಿ ಒಂದು ರೂಪಾಯಿ ಕೊಡಲಿಲ್ಲ. ಬಾಡಿಗೆ ಅಂಗಡಿಯವನು ಗಾಡಿ ಕೊಟ್ಟ ಅಂದ ಮಾತ್ರಕ್ಕೆ ಕಾನೂನು ಒಪ್ಪಿತು ಅಂತಲ್ಲ. ಟೂ ವೀಲರ್ ಲೈಸೆನ್ಸ್ ಇರಬೇಕು, ಅದರ ಮೇಲೆ ನಮ್ಮ ಆರ್‌ಟಿಓ ಕಚೇರಿಯಲ್ಲಿ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ ಇರಬೇಕು, ಅದು ಒಂದು ವರ್ಷ ನಡೆಯುತ್ತೆ. ಕುಡಿದಿದ್ದರೆ ಅಂತೂ ಮುಗಿಯಿತು, ರಕ್ತದ ಪರೀಕ್ಷೆಯಲ್ಲಿ ಬಂದರೆ ಕ್ಲೇಮ್ ಬಿತ್ತು ಅಂತಲೇ ಲೆಕ್ಕ.

ಅತ್ತೆ ಈಗ ನಡೆಯುತ್ತಾರೆ. ಮೆಟ್ಟಿಲು ಇಳಿಯುವಾಗ ಸ್ವಲ್ಪ ಓರೆ. ಮುಂದಿನ ಬೇಸಿಗೆಗೆ ಗುಬ್ಬಿಯಿಂದ ಒಂದು ಗುಂಪು ಮುಕ್ತಿನಾಥಕ್ಕೆ ಹೊರಟಿದೆ, ಅವರೂ ಹೆಸರು ಕೊಟ್ಟಿದ್ದಾರೆ. ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ, ವೋಟರ್ ಕಾರ್ಡ್ ಸಾಕು, ಅದಕ್ಕೇ ಅದು ಹೊರದೇಶ ಅನ್ನೋದೇ ನಮ್ಮವರಿಗೆ ಮರೆತುಹೋಗುತ್ತೆ. ಮುಕ್ತಿನಾಥ ಇರುವುದು ಹೆಚ್ಚುಕಡಿಮೆ 3,800 ಮೀಟರ್ ಎತ್ತರದಲ್ಲಿ. ಉಸಿರಾಟಕ್ಕೆ ತೊಂದರೆ ಆದರೆ ಬೇಗ ಕೆಳಗೆ ಇಳಿಸಬೇಕು, ಕೆಲವೊಮ್ಮೆ ಹೆಲಿಕಾಪ್ಟರೇ ಬರಬೇಕು. ಮೊನ್ನೆ ಇನ್ಶೂರೆನ್ಸ್ ಏಜೆಂಟ್ ಮನೆಗೆ ಬಂದಿದ್ದರು. ಅಷ್ಟು ಎತ್ತರದಲ್ಲಿ ಈ ಪಾಲಿಸಿ ನಡೆಯುತ್ತಾ, ಹೆಲಿಕಾಪ್ಟರ್ ಖರ್ಚು ಕೊಡ್ತೀರಾ, ನನ್ನ ಸಕ್ಕರೆ ಕಾಯಿಲೆ ಬರ್ಕೊಂಡ್ರಾ ಅಂತ ಅತ್ತೆ ತಾವೇ ಕೇಳಿದರು. ಎಲ್ಲಾ ಬರೆದು ಕೊಡಿ, ಬಾಯಿ ಮಾತು ಬೇಡ ಅಂದರು.

ಆಮೇಲೆ ಹಳೆಯ ಮದುವೆ ಕಾರ್ಡಿನ ಹಿಂದೆ ಪಾಲಿಸಿ ನಂಬರ್, ಸಹಾಯದ ಫೋನ್ ನಂಬರ್ ಎರಡನ್ನೂ ಮೊಮ್ಮಗನ ಕೈಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿದರು. ಅದನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆ ಸಂಚಿಯೊಳಗೆ ಇಟ್ಟುಕೊಂಡಿದ್ದಾರೆ. ಆ ಸಂಚಿ ಅವರ ಸೊಂಟ ಬಿಟ್ಟು ಎಲ್ಲೂ ಹೋಗುವುದಿಲ್ಲ.

ನಮಸ್ಕಾರ.