ಡ್ರೈವರ್ ಕಿತ್ತುಹಾಕುವ ಮೊದಲು

ಸ್ನೇಹಿತರೇ, ಲಿನಕ್ಸ್‌ನಲ್ಲಿ ಎನ್‌ವಿಡಿಯಾ ಡ್ರೈವರ್ (ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಜೊತೆ ಗುದ್ದಾಡಿ ರಾತ್ರಿಯೆಲ್ಲ ಕೂತವರು ಇಲ್ಲಿ ಎಷ್ಟೋ ಜನ ಇದ್ದೀರಿ. ನಾನೂ ಕೂತಿದ್ದೇನೆ. ಜಿಪಿಯು, ಅಂದರೆ ಆ ಗ್ರಾಫಿಕ್ಸ್ ಚಿಪ್, ಕಾಣಿಸುತ್ತಿಲ್ಲ ಅಂದ ಕೂಡಲೇ ಎಲ್ಲವನ್ನೂ ಕಿತ್ತು ಮತ್ತೆ ಹಾಕುತ್ತೇವೆ, ಅಲ್ವಾ? ಬಹಳ ಸಲ ಅದು ಬೇಕಾಗಿಯೇ ಇರುವುದಿಲ್ಲ. ತಪ್ಪು ಯಾವ ಪದರದಲ್ಲಿದೆ ಎಂದು ಮೊದಲು ಹುಡುಕಬೇಕು.

ಒಂದು ಉದಾಹರಣೆ ನೋಡೋಣ. ನಿನ್ನೆವರೆಗೂ ಚೆನ್ನಾಗಿದ್ದ ಸರ್ವರ್. ಬೆಳಿಗ್ಗೆ ಜಿಪಿಯು ಸ್ಥಿತಿ ತೋರಿಸುವ ಎನ್‌ವಿಡಿಯಾ-ಎಸ್‌ಎಂಐ ಕಮಾಂಡ್ ಓಡಿಸಿದರೆ 'ಡ್ರೈವರ್/ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್' ಅನ್ನುತ್ತದೆ. ಯಾರೂ ಏನೂ ಮುಟ್ಟಿಲ್ಲ. ಆದರೆ ರಾತ್ರಿ ಅಪ್‌ಡೇಟ್ ತಾನಾಗಿಯೇ ಆಗಿದೆ. ಡ್ರೈವರ್ ಅಂದರೆ ಒಂದೇ ವಸ್ತು ಅಲ್ಲ. ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೆ ಕೂರುವ ಮಾಡ್ಯೂಲ್ ಒಂದು ಭಾಗ, ನಮ್ಮ ಪ್ರೋಗ್ರಾಂಗಳು ಬಳಸುವ ಲೈಬ್ರರಿಗಳು ಇನ್ನೊಂದು. ಎರಡರ ವರ್ಷನ್ ಒಂದೇ ಇರಬೇಕು. ಅಪ್‌ಡೇಟ್ ಆದಾಗ ಡಿಸ್ಕ್‌ನಲ್ಲಿರುವ ಲೈಬ್ರರಿ ತಕ್ಷಣ ಬದಲಾಗುತ್ತದೆ. ಮೆಮೊರಿಯಲ್ಲಿರುವ ಮಾಡ್ಯೂಲ್ ಮಾತ್ರ ಹಳೆಯದೇ. ಇಲ್ಲಿ ಜನ ಜಾಸ್ತಿ ಗೊಂದಲಪಡುವುದು ಇನ್ನೊಂದು ಕಾರಣಕ್ಕೆ. ನಿನ್ನೆ ಶುರುವಾದ ಎಐ ಮಾದರಿಯ ಟ್ರೈನಿಂಗ್ ಆರಾಮಾಗಿ ನಡೆಯುತ್ತಿರುತ್ತದೆ, ಇವತ್ತು ಶುರು ಮಾಡಿದ್ದು ಮಾತ್ರ ಬೀಳುತ್ತದೆ. ಹಳೆಯ ಪ್ರೋಗ್ರಾಂ ಹಳೆಯ ಲೈಬ್ರರಿಯನ್ನು ಆಗಲೇ ಲೋಡ್ ಮಾಡಿಕೊಂಡಿರುತ್ತದೆ, ಅದಕ್ಕೇ.

ಪರಿಹಾರ ಒಂದು ರೀಬೂಟ್, ಅಷ್ಟೇ. ಆದರೆ ಹಂಚಿಕೊಂಡು ಬಳಸುವ ಸರ್ವರ್ ಆದರೆ ದಯವಿಟ್ಟು ಮೊದಲು ಕೇಳಿ. ಯಾರದೋ ಮೂರು ದಿನದ ಕೆಲಸ ಅದರಲ್ಲಿ ಓಡುತ್ತಿರಬಹುದು.

ಕೆಲವು ಸಲ ಮಾಡ್ಯೂಲ್ ಲೋಡ್ ಆಗಿರುವುದೇ ಇಲ್ಲ. ಆಗ ಲೋಡ್ ಆದ ಮಾಡ್ಯೂಲ್‌ಗಳನ್ನು ತೋರಿಸುವ 'ಎಲ್‌ಎಸ್‌ಮಾಡ್' ಪಟ್ಟಿಯಲ್ಲಿ ಎನ್‌ವಿಡಿಯಾ ಹೆಸರು ಕಾಣಿಸುವುದಿಲ್ಲ. ಸಾಮಾನ್ಯವಾಗಿ ಆಗಿರುವುದು ಇಷ್ಟು: ಹೊಸ ಕರ್ನಲ್ ಬಂದಿದೆ, ಮಾಡ್ಯೂಲ್ ಕಟ್ಟಲು ಬೇಕಾದ ಅದರ ಹೆಡರ್ ಫೈಲ್‌ಗಳಿಲ್ಲ, ಹಾಗಾಗಿ ಪ್ರತಿ ಹೊಸ ಕರ್ನಲ್‌ಗೆ ಮಾಡ್ಯೂಲ್ ಕಟ್ಟಿಕೊಡುವ ಡಿಕೆಎಂಎಸ್ ಅದನ್ನು ಕಟ್ಟಿಲ್ಲ. ಹೆಡರ್ ಹಾಕಿ ಮಾಡ್ಯೂಲ್ ಮತ್ತೆ ಕಟ್ಟಿಸಿದರೆ ಸಾಕು. ಸೆಕ್ಯೂರ್ ಬೂಟ್ (ನಂಬಿಕೆಯಿಲ್ಲದ ಕೋಡನ್ನು ತಡೆಯುವ ವ್ಯವಸ್ಥೆ) ಇದ್ದರೆ ಇನ್ನೊಂದು ಗೇಟು. ಮಾಡ್ಯೂಲ್‌ಗೆ ಡಿಜಿಟಲ್ ಸಹಿ ಬೇಕು, ಆ ಸಹಿಯ ಕೀಲಿಯನ್ನು ಯಂತ್ರ ಒಪ್ಪಿರಬೇಕು. ಇನ್‌ಸ್ಟಾಲ್ ಆದಮೇಲೆ ಮೊದಲ ರೀಬೂಟ್‌ನಲ್ಲಿ ಒಂದು ನೀಲಿ ಪರದೆ ಬರುತ್ತದೆ, ನೋಡಿದ್ದೀರಾ? ಕೀಲಿ ಸೇರಿಸುವುದು ಅಲ್ಲೇ. ಗಾಬರಿಯಿಂದ ಅದನ್ನು ದಾಟಿಬಿಟ್ಟರೆ ಮಾಡ್ಯೂಲ್ ಒಳಗೆ ಹೋಗುವುದಿಲ್ಲ.

ಇನ್ನು ಕುಡಾ ವರ್ಷನ್. ಕುಡಾ ಅಂದರೆ ಜಿಪಿಯು ಮೇಲೆ ಲೆಕ್ಕ ಓಡಿಸಲು ಎನ್‌ವಿಡಿಯಾ ಕೊಡುವ ವ್ಯವಸ್ಥೆ. ಎನ್‌ವಿಡಿಯಾ-ಎಸ್‌ಎಂಐ ಮೇಲ್ಗಡೆ 12.4 ಅಂತ ತೋರಿಸಿದರೆ ಕುಡಾ 12.4 ಇನ್‌ಸ್ಟಾಲ್ ಆಗಿದೆ ಎಂದಲ್ಲ. ಈ ಡ್ರೈವರ್ ಅಲ್ಲಿಯವರೆಗಿನ ಕುಡಾವನ್ನು ಓಡಿಸಬಲ್ಲದು ಎಂದರ್ಥ. ಟೂಲ್‌ಕಿಟ್ (ಕುಡಾ ಪ್ರೋಗ್ರಾಂ ಕಟ್ಟುವ ಸಲಕರಣೆ) ಯಾವುದಿದೆ ಎಂದು ತಿಳಿಯಲು ಅದರ ಕಂಪೈಲರ್ ಆದ ಎನ್‌ವಿಸಿಸಿಯನ್ನು ಕೇಳಬೇಕು. ಲಿನಕ್ಸ್‌ನಲ್ಲಿ ಕುಡಾ 12 ಸರಣಿಗೆ ಡ್ರೈವರ್ 525.60.13 ಅಥವಾ ಅದಕ್ಕಿಂತ ಹೊಸದು ಇರಬೇಕು.

ಸುಮ್ನೆ ಪೈಟಾರ್ಚ್ (ಎಐ ಮಾದರಿ ಕಟ್ಟುವ ಪೈಥಾನ್ ಲೈಬ್ರರಿ) ಓಡಿಸುವವರಿಗೆ ಎನ್‌ವಿಸಿಸಿ ಬೇಕಾಗಿಯೂ ಇಲ್ಲ. ಪಿಪ್ (ಪೈಥಾನ್ ಪ್ಯಾಕೇಜ್ ಹಾಕುವ ಸಾಧನ) ಮೂಲಕ ಹಾಕುವ ಜಿಪಿಯು ಪೈಟಾರ್ಚ್ ತನಗೆ ಬೇಕಾದ ಕುಡಾ ಲೈಬ್ರರಿಗಳನ್ನು ಜೊತೆಗೇ ತರುತ್ತದೆ. ಪೈಥಾನ್‌ನಲ್ಲಿ 'ಟಾರ್ಚ್.ವರ್ಷನ್.ಕುಡಾ' ಎಂದು ಕೇಳಿ ನೋಡಿ. 'ನನ್' (None, ಅಂದರೆ ಏನೂ ಇಲ್ಲ) ಎಂದು ಬಂದರೆ ನಿಮ್ಮ ಎನ್‌ವಿಡಿಯಾ ಯಂತ್ರದಲ್ಲಿ ಕೂತಿರುವುದು ಸಿಪಿಯು ಪೈಟಾರ್ಚ್. ಆಗ ಡ್ರೈವರ್ ಎಷ್ಟು ಸಲ ಬದಲಾಯಿಸಿದರೂ ಜಿಪಿಯು ಸಿಗುವುದಿಲ್ಲ. ಬದಲಾಯಿಸಬೇಕಾದದ್ದು ಪೈಟಾರ್ಚ್ ಪ್ಯಾಕೇಜು.