ಮೊದಲು ಬಾಯಿ, ಆಮೇಲೆ ಕೈ

ನಮಸ್ಕಾರ, ಎಲ್ಲರಿಗೂ ನಮಸ್ಕಾರ. ಈ ವಾರ ಮೃದಂಗದ ಎಡಮುಖಕ್ಕೆ ರವೆ ಮೆತ್ತೋದರ ಬಗ್ಗೆ ಮಾತಾಡ್ಬೇಕಿತ್ತು. ರವೆ ಕಲಸಿಟ್ಟಿದ್ದೆ. ಆದ್ರೆ ಹೋದ ವಿಡಿಯೋ ಕೆಳಗೆ ಒಬ್ರು ಪುಣ್ಯಾತ್ಮರು ಬರೆದಿದಾರೆ: "ಸರ್, ಮಕ್ಕಳ ಹತ್ರ ತಕಿಟ ತಕದಿಮಿ ಅಂತ ಬಾಯಿಪಾಠ ಮಾಡಿಸೋದು ಹಳೇ ಕಾಲದ್ದು. ಮೆಟ್ರೋನೋಮ್ ಆಪ್ ಹಾಕ್ಕೊಟ್ರೆ ಸಾಕು." ಅದಕ್ಕೆ ನಲವತ್ತು ಲೈಕ್ ಬೇರೆ. ರವೆ ಹಾಗೇ ಉಳೀತು, ರಾತ್ರಿ ಉಪ್ಪಿಟ್ಟಾಯ್ತು.

ಆಯ್ತು ಸ್ವಾಮಿ, ಹಳೇದೇ. ಅನ್ನ ತಿನ್ನೋದೂ ಹಳೇದೇ.

ನಾನು ಹೇಳೋದು ಇಷ್ಟೇ. ಮಗೂಗೆ ಲಯ ಬರಬೇಕಾದ್ರೆ ಮೊದಲು ಬಾಯಿ, ಆಮೇಲೆ ಕೈ. ಬಾಯಲ್ಲಿ ಬರದೇ ಇರೋದು ಕೈಯಲ್ಲಿ ಬರಲ್ಲ.

ಆ ಆಪ್ ಏನ್ ಮಾಡತ್ತೆ? ಟಿಕ್ ಅನ್ನತ್ತೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಿಕ್. ಮಗು ಎಡವೋದು ಟಿಕ್ ಮೇಲಲ್ಲ, ಎರಡು ಟಿಕ್ ನಡುವೆ. ಆ ನಡುವಿನ ಜಾಗಾನ ಮೂರು ಮಾಡಬೇಕಾ, ನಾಲ್ಕಾ, ಐದಾ, ಅದನ್ನ ಟಿಕ್ ಹೇಳಲ್ಲ. "ತಕಿಟ" ಹೇಳತ್ತೆ. "ತಕದಿಮಿ" ಹೇಳತ್ತೆ. ತಕಿಟ ಅಂದ್ರೆ ಮೂರು, ತಿಶ್ರ. ತಕದಿಮಿ ನಾಲ್ಕು, ಚತುರಶ್ರ. ತಕತಕಿಟ ಐದು, ಖಂಡ. ತಕಿಟ ತಕದಿಮಿ ಏಳು, ಮಿಶ್ರ. ತಕದಿಮಿ ತಕತಕಿಟ ಒಂಬತ್ತು, ಸಂಕೀರ್ಣ. ಕೂಡೋ ಲೆಕ್ಕ ಬರದೇ ಇರೋ ಮಗೂನೂ ಇದನ್ನ ಹೇಳತ್ತೆ.

ಇನ್ನೊಂದು ಮಜಾ ನೋಡಿ. "ತತತತ" ಅಂತ ಜೋರಾಗಿ ಓಡಿಸಿ, ನಾಲಿಗೆ ತಡವರಿಸತ್ತೆ. "ತಕತಕ" ಅನ್ನಿ, ಓಡತ್ತೆ. ಯಾಕೆ? ತ ಹುಟ್ಟೋದು ನಾಲಿಗೆ ತುದಿಯಲ್ಲಿ, ಕ ಹುಟ್ಟೋದು ನಾಲಿಗೆ ಹಿಂಭಾಗದಲ್ಲಿ. ಒಂದು ದುಡೀತಿರುವಾಗ ಇನ್ನೊಂದಕ್ಕೆ ವಿರಾಮ. ಯಾರೋ ಕಣ್ಮುಚ್ಚಿ ಆರಿಸಿದ ಅಕ್ಷರ ಅಲ್ಲ ಇವು.

"ಸರ್, ಹಾಗಾದ್ರೆ ಒಂದು ಎರಡು ಮೂರು ನಾಲ್ಕು ಅಂತ ಎಣಿಸಿದ್ರೆ ಸಾಲದಾ?" ಸಾಲಲ್ಲ. ಎಣಿಸಿ ನೋಡಿ ಈಗಲೇ. ಒಂದು: ಗುರು, ಲಘು, ಮೂರು ಮಾತ್ರೆ. (ಜ್ವರದ ಮಾತ್ರೆ ಅಲ್ಲ, ಛಂದಸ್ಸಿನ ಮಾತ್ರೆ. ಲಘುಗೆ ಒಂದು, ಗುರುಗೆ ಎರಡು.) ಎರಡು: ಮೂರು ಲಘು, ಮೂರು ಮಾತ್ರೆ. ಮೂರು, ನಾಲ್ಕು, ಐದು, ಆರು, ಏಳು, ಎಂಟು, ಎಲ್ಲಾ ಮೂರೇ ಮಾತ್ರೆ! ಒಂಬತ್ತಕ್ಕೆ ಬಂದಾಗ ಇದ್ದಕ್ಕಿದ್ದಂತೆ ಐದು. ನೀವು ಮಗೂಗೆ ಹೇಳ್ತಿರೋದು ನಾಲ್ಕರ ನಡೆ, ಅದರ ಬಾಯಲ್ಲಿ ಓಡ್ತಿರೋದು ಮೂರರ ನಡೆ. ಕೈ ಯಾರ ಮಾತು ಕೇಳಬೇಕು ಪಾಪ?

ನನ್ನ ಕ್ಲಾಸಿಗೆ ಒಂದು ಹುಡುಗಿ ಬರ್ತಾಳೆ. ಖಂಡ ನಡೆ ಕೊಟ್ರೆ ಐದನೇದು ಮುಗಿದ ಕೂಡಲೇ ಉಸಿರು ತಗೊಳ್ಳೋಳು, ಆ ಉಸಿರಿನ ಜಾಗ ಸೇರಿ ಆರಾಗೋದು. ಪ್ರತಿ ಸಲ. ತುಟಿ ಅಲ್ಲಾಡಿಸ್ಕೊಂಡು ಎಣಿಸೋಳು, ಹುಬ್ಬು ಗಂಟಿಕ್ಕೋಳು. ಅವಳ ಅಜ್ಜಿ ಮನೆ ತುಮಕೂರು. "ಎಣಿಸಬೇಡಮ್ಮ, ತುಮಕೂರು ತುಮಕೂರು ಅಂತ ಹೇಳ್ತಾ ತಟ್ಟು" ಅಂದೆ. ತು, ಮ, ಕೂ, ರು. ಕೂ ದೀರ್ಘ, ಎರಡು ಮಾತ್ರೆ. ಒಟ್ಟು ಐದು. ನಾಲ್ಕನೇ ಸುತ್ತಿಗೆ ಹುಬ್ಬು ಸಡಿಲ ಆಯ್ತು, ಉಸಿರು ಎಲ್ಲಿ ತಗೊಂಡಳೋ ನಂಗೇ ಗೊತ್ತಾಗ್ಲಿಲ್ಲ. ಆಪ್‌ನಲ್ಲಿ ತುಮಕೂರು ಇದೆಯಾ? ಇಲ್ಲ. ಮೊದಲು ಬಾಯಿ!

ಕನ್ನಡದಲ್ಲಿ ಹ್ರಸ್ವ ದೀರ್ಘ ಇರೋದ್ರಿಂದ ನಮ್ಮ ಮಾತೇ ಅರ್ಧ ತಾಳ. ಇಡ್ಲಿ ಮೂರು. ಸಾಂಬಾರು ಐದು. ಇಡ್ಲಿ ಸಾಂಬಾರು ಸೇರಿದ್ರೆ ಎಂಟು, ಆದಿತಾಳದ ಎಂಟು ಅಕ್ಷರಕ್ಕೆ ಮಾತ್ರೆಗೊಂದರಂತೆ ಕೂತ್ಕೊಳತ್ತೆ. ಬಿಸಿಬೇಳೆಬಾತು, ಅದೂ ಎಂಟು. ಮಸಾಲೆ ದೋಸೆ ಏಳು, ಆದ್ರೆ ನಾಲ್ಕು ಮೂರು. ಏಳರ ತಾಳ ಮಿಶ್ರ ಛಾಪುಗೆ ಮೂರು ನಾಲ್ಕು ಬೇಕು. ಹಾಗಾಗಿ ನನ್ನ ಕ್ಲಾಸಲ್ಲಿ ಮಕ್ಕಳು "ದೋಸೆ ಮಸಾಲೆ, ದೋಸೆ ಮಸಾಲೆ" ಅಂತಾರೆ. ಪಕ್ಕದ ಮನೆಯವರು ಕ್ಯಾಂಟೀನ್ ಅಂದ್ಕೊಂಡಿದಾರೆ. ಅಂದ ಹಾಗೆ ಭಾನುವಾರದ ಆನ್‌ಲೈನ್ ಬ್ಯಾಚಲ್ಲಿ ಇನ್ನೂ ಜಾಗ ಇದೆ, ಲಿಂಕ್ ಕೆಳಗಿದೆ. ದೋಸೆ ಕೊಡಲ್ಲ.

ಈಗ ನನ್ನ ನಿಜವಾದ ಹೊಟ್ಟೆಯುರಿ ಕೇಳಿ. ಹೈಸ್ಕೂಲಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ಕುಮಾರವ್ಯಾಸನ ಪದ್ಯದ ತಲೆ ಮೇಲೆ ಲಘು ಗುರು ಗುರುತು, ಗಣ ವಿಂಗಡಿಸಿ ಗೆರೆ, "ಇದು ಭಾಮಿನಿ ಷಟ್ಪದಿ" ಅಂತ ಬರೆದ್ರೆ ಅಂಕ ಬಿತ್ತು. ಭಾಮಿನಿಯ ಚಿಕ್ಕ ಸಾಲು ಏನು? ಮೂರು ನಾಲ್ಕು, ಮೂರು ನಾಲ್ಕು. ಹದಿನಾಲ್ಕು ಮಾತ್ರೆ. ಅಂದ್ರೆ ತಕಿಟ ತಕದಿಮಿ ಎರಡು ಸಲ! ಉತ್ಸಾಹ ರಗಳೆ ಮೂರರ ನಡೆ, ಮಂದಾನಿಲ ನಾಲ್ಕರದ್ದು, ಲಲಿತ ಐದರದ್ದು. ಇಡೀ ಲಯದ ಪಾಠ ಕನ್ನಡ ಪುಸ್ತಕದಲ್ಲೇ ಇದೆ, ಒಂದೇ ಒಂದು ದಿನ ಒಬ್ಬರೂ ಚಪ್ಪಾಳೆ ತಟ್ಟಿಸ್ಲಿಲ್ಲ. ಪೆನ್ಸಿಲ್ಲಲ್ಲಿ ಗೆರೆ ಎಳೆಸಿದ್ರು. ಲಯಕ್ಕೆ ಪೆನ್ಸಿಲ್ ಯಾಕ್ರೀ? ಬಾಯಿ ತೆಗೆಸಿ!

"ಫಾರಿನ್‌ನಲ್ಲಿ ಹೀಗೆಲ್ಲ ಮಾಡಲ್ಲ ಸರ್." ಬಂತಾ? ಬರತ್ತೆ ಅಂತ ಗೊತ್ತಿತ್ತು. ಹಂಗೇರಿಯ ಕೊಡಾಯ್ ಪದ್ಧತಿಯಲ್ಲಿ ಮಕ್ಕಳು ಹೇಳೋದೇನು? "ತಾ, ತಿ ತಿ." ಜರ್ಮನಿಯ ಓರ್ಫ್ ಪದ್ಧತಿಯಲ್ಲಿ ಹೆಸರು, ಗಾದೆ, ಮಕ್ಕಳ ಪದ್ಯ ಹೇಳಿಸ್ತಾ ಲಯ ಕಲಿಸ್ತಾರೆ. ಅಮೆರಿಕದಲ್ಲಿ ಸಂಗೀತದ ಮೇಷ್ಟ್ರುಗಳು 1996ರಲ್ಲಿ ಒಂದು ಪದ್ಧತಿ ಪ್ರಕಟಿಸಿದ್ರು, ಅದರ ಹೆಸರೇ "ತಕದಿಮಿ"! ನಮ್ಮ ಅಕ್ಷರ, ಅವರ ಪಾಠ. ನಾಳೆ ಅದನ್ನೇ ಯಾರೋ ಆಪ್ ಮಾಡಿ ತಿಂಗಳಿಗಿಷ್ಟು ಅಂತ ನಿಮ್ಗೇ ಮಾರ್ತಾರೆ, ಆಗ ನಲವತ್ತಲ್ಲ, ನಾಲ್ಕು ಸಾವಿರ ಲೈಕ್.

ಬೆಂಗಳೂರಿನ ಮೃದಂಗ ವಿದ್ವಾಂಸ ಬಿ.ಸಿ. ಮಂಜುನಾಥ್ ಅವರು ಫಿಬೊನಾಚಿ ಸಂಖ್ಯೆಗಳನ್ನ (ಹಿಂದಿನ ಎರಡು ಕೂಡಿದ್ರೆ ಮುಂದಿನದು) ಕೊನ್ನಕೋಲಲ್ಲಿ, ಅಂದ್ರೆ ಈ ತಕಿಟ ತಕದಿಮಿ ಬಾಯಿಪಾಠದಲ್ಲೇ, ಹೇಳಿರೋ ವಿಡಿಯೋ ಇದೆ, ನೋಡಿ. ಒಂದು, ಒಂದು, ಎರಡು, ಮೂರು, ಐದು, ಎಂಟು, ಹದಿಮೂರು, ಹಾಗೆ ಬೆಳೀತಾ ಹೋಗತ್ತೆ. ವಾದ್ಯ ಮುಟ್ಟದೆ. ಬಾಯಲ್ಲಿ!

"ಮಗು ನಾಚ್ಕೊಳತ್ತೆ ಸರ್." ಮಗು ನಾಚ್ಕೊಳಲ್ಲ, ಅಪ್ಪ ನಾಚ್ಕೊಳ್ತಾನೆ. "ಅಪಾರ್ಟ್‌ಮೆಂಟ್‌ನಲ್ಲಿ ಗಲಾಟೆ ಆಗತ್ತೆ." ಡ್ರಮ್ ಕಿಟ್ ಕೊಡಿಸಿದಾಗ ಆಗ್ಲಿಲ್ವಾ? "ಟೈಮಿಲ್ಲ." ಸ್ಕೂಲ್ ವ್ಯಾನಿಗೆ ಕಾಯೋವಾಗ ಹೇಳಿಸಿ, ಹಲ್ಲುಜ್ಜಿದ್ಮೇಲೆ ಹೇಳಿಸಿ. ಮೊದಲು ಬಾಯಿ. ಎಷ್ಟು ಸಲ ಹೇಳ್ಲಿ? ಬಾಯಿ ಬಾಯಿ ಬಾಯಿ! ನೋಡಿ, ಕಾರಣ ಕೇಳಬೇಡಿ ಇನ್ನು, ನಾನು ಮೇಷ್ಟ್ರು, ಹೇಳಿದ್ದೀನಿ, ಅಷ್ಟೇ.

ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಮಾಡಿ. ಕಾಮೆಂಟಲ್ಲಿ ನಿಮ್ಮೂರಿನ ಹೆಸರು ಹಾಕಿ, ಎಷ್ಟು ಮಾತ್ರೆ, ಯಾವ ನಡೆ ಅಂತ ನಾನೇ ಉತ್ತರ ಕೊಡ್ತೀನಿ. ಮೈಸೂರು, ಕೋಲಾರ, ಮಡಿಕೇರಿ, ಶಿವಮೊಗ್ಗದವರು ಕೇಳೋದೇ ಬೇಡ, ಎಲ್ಲಾ ಐದು. ಗದಗ, ಉಡುಪಿ, ಮಂಡ್ಯ ಮೂರು. ಚಿಕ್ಕಮಗಳೂರಿನವರಿಗೆ ಎಂಟು ಬಂದಿದೆ, ಜಂಬ ಪಡಬೇಡಿ. "ಬ್ಯಾಂಗಲೋರ್" ಅಂತ ಹಾಕಿದವರ ಕಾಮೆಂಟ್ ಮಾತ್ರ ಡಿಲೀಟ್.